ಮುಳ್ಳು ಒರೆಸಿ, ಆಮೇಲೆ ಮೌಸ್ ಹಿಡಿಯಿರಿ

ಕಳೆದ ತಿಂಗಳು ಇದೇ ಅಂಕಣದಲ್ಲಿ ಒಬ್ಬರಿಗೆ ಉತ್ತರಿಸುತ್ತ, ‘ಹಳೆಯ ಎಲ್‌ಪಿ ಗ್ರಾಮಫೋನ್ ತಟ್ಟೆಗಳನ್ನು ಮನೆಯ ಕಂಪ್ಯೂಟರಿಗೇ ಇಳಿಸಿಕೊಳ್ಳಬಹುದು, ಅದೇನು ಬ್ರಹ್ಮವಿದ್ಯೆಯಲ್ಲ’ ಅಂತ ಒಂದು ಸಾಲು ಬರೆದಿದ್ದೆ. ಬರೆದದ್ದೇ ತಪ್ಪಾಯಿತು. ಪತ್ರಗಳ ಕಂತೆಯೇ ಬಂತು. ಬ್ರಹ್ಮವಿದ್ಯೆಯಲ್ಲ ನಿಜ, ಆದರೆ ಕೈಹಾಕಿದವರಿಗೆಲ್ಲ ಎಲ್ಲೋ ಒಂದು ಕಡೆ ಮುಳ್ಳು ಚುಚ್ಚಿದೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಒಂದೇ ತೆರನ ಪ್ರಶ್ನೆಗಳನ್ನು ಸೇರಿಸಿಬಿಟ್ಟಿದ್ದೇನೆ, ನಿಮ್ಮ ಮಾತು ಬೇರೆಯವರ ಬಾಯಲ್ಲಿ ಕಂಡರೆ ಮುನಿಸು ಬೇಡ.

ಪ್ರಶ್ನೆ: ಅಪ್ಪ ಬಿಟ್ಟುಹೋದ ಟರ್ನ್‌ಟೇಬಲ್ ಇನ್ನೂ ಚೆನ್ನಾಗಿ ತಿರುಗುತ್ತದೆ. ಅದರ ಕೆಂಪು-ಬಿಳಿ ವೈರುಗಳಿಗೆ ಒಂದು ಪಿನ್ ಜೋಡಿಸಿ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸಿಕ್ಕಿಸಿದೆ. ಹಾಡು ಬರುತ್ತದೆ, ಆದರೆ ತಗಡಿನ ಡಬ್ಬಿಯೊಳಗಿಂದ ಬಂದಂತೆ. ಬಾಸ್ ಇಲ್ಲವೇ ಇಲ್ಲ. ಮುಳ್ಳು ಹಿಡಿದಿರುವ ಕಾರ್ಟ್ರಿಜ್ ಹೋಗಿದೆಯೇ?

ಉತ್ತರ: ಕಾರ್ಟ್ರಿಜ್ ಗಟ್ಟಿಯಾಗಿದೆ. ನಡುವೆ ಇರಬೇಕಾದ ಒಂದು ಪುಟ್ಟ ಪೆಟ್ಟಿಗೆ ಇಲ್ಲ, ಅಷ್ಟೆ. ಅದರ ಹೆಸರು ಫೋನೋ ಪ್ರೀಆಂಪ್.

ಮುಳ್ಳು ಗ್ರೂವಿನಲ್ಲಿ, ಅಂದರೆ ತಟ್ಟೆಯ ಮೇಲೆ ಹಾಡು ಕೊರೆದ ಸಣ್ಣ ಕಾಲುವೆಯಲ್ಲಿ, ಅಲುಗಾಡಿ ಹುಟ್ಟಿಸುವ ವಿದ್ಯುತ್ತು ತೀರಾ ಬಡಪಾಯಿ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ ಕೊಡುವುದು ಸುಮಾರು 5 ಮಿಲಿವೋಲ್ಟ್. ಕಂಪ್ಯೂಟರಿನಲ್ಲಿ ಇಂಥ ಸದ್ದಿಗೆಂದೇ ಇರುವ ಲೈನ್ ಇನ್ ತೂತು ಬಯಸುವುದು ಅದರ ಅರವತ್ತು ಪಟ್ಟು. ಮೈಕ್ ತೂತು ಕಡಿಮೆ ವೋಲ್ಟೇಜನ್ನೂ ಹಿಗ್ಗಿಸುತ್ತದೆ, ಆದ್ದರಿಂದಲೇ ನಿಮಗೆ ಹಾಡು ಕೇಳಿಸಿತು. ಆದರೆ ಹಿಗ್ಗಿಸಿದರೆ ಸಾಲದು. ತಟ್ಟೆ ಕೊರೆಯುವಾಗಲೇ ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕೊರೆದಿರುತ್ತಾರೆ. ಬಾಸನ್ನು ಇದ್ದಹಾಗೇ ಕೊರೆದರೆ ಗ್ರೂವ್ ಅತ್ತಿತ್ತ ಅಗಲವಾಗಿ ಓಲಾಡಿ ತಟ್ಟೆಯಲ್ಲಿ ಹಾಡಿಗೆ ಜಾಗವೇ ಉಳಿಯುವುದಿಲ್ಲ. ಟ್ರೆಬಲ್ ಏರಿಸದಿದ್ದರೆ ಅದು ತಟ್ಟೆಯ ಸುಯ್ಯೆನ್ನುವ ಸದ್ದಿನಲ್ಲಿ ಮುಳುಗುತ್ತದೆ. ಎಷ್ಟು ತಗ್ಗಿಸಬೇಕು, ಎಷ್ಟು ಏರಿಸಬೇಕು ಎಂಬ ಒಪ್ಪಿತ ಲೆಕ್ಕ 1954ರಲ್ಲಿ ಬಂತು. ಅದಕ್ಕೆ ಆರ್‌ಐಎಎ ಕರ್ವ್ ಅನ್ನುತ್ತಾರೆ. ನುಡಿಸುವಾಗ ಅದನ್ನು ತಿರುಗುಮುರುಗು ಮಾಡಬೇಕು: 50 ಹರ್ಟ್ಜ್‌ನ ಸದ್ದು 17 ಡೆಸಿಬೆಲ್ ಮೇಲೇರಬೇಕು, 10 ಕಿಲೋಹರ್ಟ್ಜ್‌ನದು ಸುಮಾರು 14 ಡೆಸಿಬೆಲ್ ಕೆಳಗಿಳಿಯಬೇಕು. ಪ್ರೀಆಂಪ್‌ಗೆ ಈ ಎರಡೂ ಕೆಲಸ. ನೀವು ಕೇಳಿದ ತಗಡಿನ ಸದ್ದು ಎಂದರೆ ಕೊರೆದದ್ದು ಕೊರೆದಂತೆಯೇ ಕೇಳಿದ್ದು.

ಹೊಸದು ಕೊಳ್ಳುವ ಮೊದಲು ಅಪ್ಪನ ಆಂಪ್ಲಿಫೈಯರ್ ಅಟ್ಟದ ಮೇಲೇನಾದರೂ ಇದೆಯೇ ನೋಡಿ. ಅದರ ಬೆನ್ನಿಗೆ ‘ಫೋನೋ’ ಎಂದು ಬರೆದ ಜೋಡಿ ತೂತು ಇದ್ದರೆ ಪ್ರೀಆಂಪ್ ಒಳಗೇ ಇದೆ ಎಂದರ್ಥ. ಟರ್ನ್‌ಟೇಬಲ್ ವೈರು ಅಲ್ಲಿಗೆ, ಅದರ ‘ಟೇಪ್ ಔಟ್’ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ. ಡೆಸ್ಕ್‌ಟಾಪಿನಲ್ಲಿ ಲೈನ್ ಇನ್ ತಿಳಿನೀಲಿ ಬಣ್ಣದ್ದು, ಗುಲಾಬಿ ಬಣ್ಣದ್ದು ಮೈಕ್. ಈಗಿನ ಲ್ಯಾಪ್‌ಟಾಪುಗಳಲ್ಲಿ ನೀಲಿ ತೂತು ಕಾಣಿಸುವುದು ಅಪರೂಪ, ಮೈಕ್ ತೂತು ಸಾಮಾನ್ಯವಾಗಿ ಮಾನೋ, ಎಡ-ಬಲ ಬೇರೆಯಿಲ್ಲ. ಹಾಗಾಗಿ ಸದ್ದನ್ನು ಯುಎಸ್‌ಬಿ ತೂತಿನ ಮೂಲಕ ಒಳಗೆ ಕೊಡುವ ಒಂದು ಪೆಟ್ಟಿಗೆ, ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಬೇಕಾಗುತ್ತದೆ. ಒಂದೇ ಎಚ್ಚರಿಕೆ: ಕೆಲವು ಟರ್ನ್‌ಟೇಬಲ್‌ಗಳಲ್ಲಿ ಪ್ರೀಆಂಪ್ ಒಳಗೇ ಇದ್ದು, ಹಿಂದೆ ಫೋನೋ–ಲೈನ್ ಸ್ವಿಚ್ ಇರುತ್ತದೆ. ಅದನ್ನು ‘ಲೈನ್’ನಲ್ಲಿಟ್ಟು ಮತ್ತೊಂದು ಪ್ರೀಆಂಪ್‌ಗೂ ಹಾಯಿಸಿದರೆ ಹಾಡು ಹಂಡೆಯೊಳಗೆ ಗುಡುಗಿದಂತಿರುತ್ತದೆ. ಒಂದೇ ಸಾಕು.

ಯುಎಸ್‌ಬಿ ಟರ್ನ್‌ಟೇಬಲ್ ಕೊಳ್ಳಲೇ ಎಂದು ಇನ್ನೂ ಮೂವರು ಕೇಳಿದ್ದೀರಿ. ಕೊಳ್ಳಿ, ಆದರೆ ಯುಎಸ್‌ಬಿ ನೋಡಿ ಕೊಳ್ಳಬೇಡಿ, ಮುಳ್ಳು ಹೊರುವ ತೋಳು ನೋಡಿ ಕೊಳ್ಳಿ. ತೋಳಿನ ಹಿಂಬದಿಯ ಭಾರವನ್ನು ತಿರುಗಿಸಿ ಹೊಂದಿಸಲು ಬರಬೇಕು, ಮುಳ್ಳು ಬದಲಿಸಲು ಬರಬೇಕು. ಇವೆರಡೂ ಇಲ್ಲದ್ದು ಆಟಿಕೆ.

ಪ್ರಶ್ನೆ: ಎಲ್ಲ ಸರಿಯಾಗಿ ಜೋಡಿಸಿದ್ದೇನೆ. ಆದರೆ ರೆಕಾರ್ಡ್ ಆದ ಹಾಡಿನ ಜೊತೆ ಫ್ಯಾನಿನ ಸದ್ದು, ಮಗಳು ಕೆಮ್ಮಿದ್ದು, ಕೊನೆಗೆ ಬಾಗಿಲ ಗಂಟೆ ಕೂಡ ಕೇಳಿಸುತ್ತಿದೆ!

ಉತ್ತರ: ನೀವು ತಟ್ಟೆಯನ್ನು ರೆಕಾರ್ಡ್ ಮಾಡಿಲ್ಲ, ಕೋಣೆಯನ್ನು ಮಾಡಿದ್ದೀರಿ. ತಂತ್ರಾಂಶ ಲ್ಯಾಪ್‌ಟಾಪಿನ ಒಳಮೈಕನ್ನೇ ಹಿಡಿದು ಕೂತಿದೆ. ರೆಕಾರ್ಡಿಂಗ್ ಡಿವೈಸ್ ಪಟ್ಟಿಯಲ್ಲಿ ಲೈನ್ ಇನ್ ಅಥವಾ ಯುಎಸ್‌ಬಿ ಸಾಧನವನ್ನು ಆರಿಸಿ. ಆರಿಸಿದ ಮೇಲೆ ಉಗುರಿನಿಂದ ಲ್ಯಾಪ್‌ಟಾಪಿನ ಮೈಮೇಲೆ ಟಕಟಕ ಕುಟ್ಟಿ ನೋಡಿ. ಮೀಟರ್ ಕುಣಿದರೆ ಇನ್ನೂ ಮೈಕೇ. ಆ ಕೆಮ್ಮಿನ ಪ್ರತಿಯನ್ನು ಅಳಿಸಬೇಡಿ, ಮಗಳು ದೊಡ್ಡವಳಾದ ಮೇಲೆ ಹಾಡಿಗಿಂತ ಅದೇ ಬೇಕೆನಿಸಬಹುದು.

ಪ್ರಶ್ನೆ: 16-ಬಿಟ್, 24-ಬಿಟ್, 44.1, 96, 192... ಇವುಗಳಲ್ಲಿ ಯಾವುದು? ಮತ್ತೆ, ಮೀಟರ್ ಕೆಂಪು ಮುಟ್ಟುವಷ್ಟು ಏರಿಸಬೇಕು ಎಂದು ಕ್ಯಾಸೆಟ್ ಕಾಲದಲ್ಲಿ ಕಲಿತಿದ್ದೆ. ಈಗಲೂ ಹಾಗೆಯೇ?

ಉತ್ತರ: ಕ್ಯಾಸೆಟ್ ಪಾಠವನ್ನು ಮೊದಲು ಮರೆಯಿರಿ. ಮೂವತ್ತು ವರ್ಷ ಧ್ವನಿಮುದ್ರಣ ಕೋಣೆಯಲ್ಲಿ ಕೂತ ನನಗೇ ಮರೆಯಲು ಕಷ್ಟವಾಯಿತು. ಟೇಪಿನಲ್ಲಿ ಸದ್ದು ಕಡಿಮೆಯಾದರೆ ಸುಯ್ ಸದ್ದು ನುಂಗುತ್ತಿತ್ತು, ಕೆಂಪು ದಾಟಿದರೂ ಟೇಪ್ ಸ್ವಲ್ಪ ಸಹಿಸಿಕೊಳ್ಳುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯವಿಲ್ಲ. ಸೊನ್ನೆ ಡೆಸಿಬೆಲ್ ದಾಟಿದ ಅಲೆಯ ನೆತ್ತಿಯನ್ನು ಕತ್ತಿಯಲ್ಲಿ ಸವರಿದಂತೆ ಸವರಿಬಿಡುತ್ತದೆ. ತಟ್ಟೆಯ ಅತಿ ಜೋರಾದ ಭಾಗ ಮೈನಸ್ 6ರ ಹತ್ತಿರ ನಿಲ್ಲುವಂತೆ ಇಡಿ. ಮೈನಸ್ 10ಕ್ಕೆ ನಿಂತರೂ ನಷ್ಟವಿಲ್ಲ, ಆಮೇಲೆ ಏರಿಸಿಕೊಳ್ಳಬಹುದು. ಗೀರಿನ ಟಕ್ ಸದ್ದು ಹಾಡಿಗಿಂತ ಎತ್ತರಕ್ಕೆ ಜಿಗಿಯುವುದುಂಟು, ಅದನ್ನು ನೋಡಿ ಮಟ್ಟ ಇಳಿಸಬೇಡಿ.

ಅಂಕಿಗಳ ವಿಷಯ. 16-ಬಿಟ್ ಅಂದರೆ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನದರವರೆಗೆ 96 ಡೆಸಿಬೆಲ್‌ನಷ್ಟು ಹರವು. ಒಳ್ಳೆಯ ಎಲ್‌ಪಿಯದೂ 70ರ ಆಸುಪಾಸು. ಕೇಳುವುದಕ್ಕೆ ಸಿಡಿಯ ಅಳತೆ, ಅಂದರೆ 16-ಬಿಟ್, 44.1 ಕಿಲೋಹರ್ಟ್ಜ್ (ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆಯುವುದು), ಧಾರಾಳವಾಯಿತು. ಆದರೆ ರೆಕಾರ್ಡ್ ಮಾಡುವಾಗ 24-ಬಿಟ್ ಇಡಿ, ಆಗ ಮೇಲೆ ಜಾಗ ಬಿಟ್ಟರೂ ಕೆಳಗೆ ಏನೂ ಕಳೆದುಹೋಗುವುದಿಲ್ಲ. ನಾನು 24-ಬಿಟ್, 44.1ರಲ್ಲಿ ಮಾಡುತ್ತೇನೆ. 96 ಬೇಕೆನ್ನುವವರೊಡನೆ ಜಗಳವಿಲ್ಲ, 40 ನಿಮಿಷದ ಒಂದು ತಟ್ಟೆಗೆ 1.4 ಗಿಗಾಬೈಟ್ ಜಾಗವಿರಲಿ. 192 ಅನ್ನುವವರಿಗೆ ಮಾತ್ರ ಒಂದು ಪ್ರಶ್ನೆ: ಮುಳ್ಳನ್ನು ಕೊನೆಯ ಸಲ ಒರೆಸಿದ್ದು ಯಾವಾಗ?

ಇಟ್ಟುಕೊಳ್ಳುವುದಕ್ಕೆ ಫ್ಲಾಕ್ ಎಂಬ ಕಡತದ ರೂಪ. ಕಡತ ಚಿಕ್ಕದಾಗುತ್ತದೆ, ಸದ್ದಿನಲ್ಲಿ ಒಂದು ಕೂದಲೆಳೆಯೂ ಕಳೆಯುವುದಿಲ್ಲ. ಫೋನಿಗೆ, ಕಾರಿಗೆ ಬೇಕಾದರೆ ಅದರಿಂದ ಎಂಪಿ3 ಮಾಡಿಕೊಳ್ಳಿ. ಎಂಪಿ3ಯಿಂದ ಹಿಂದಕ್ಕೆ ಬರಲು ದಾರಿಯಿಲ್ಲ.

ಪ್ರಶ್ನೆ: ತಟ್ಟೆಯ ಕರಕರ ಸದ್ದು ತೆಗೆಯಲೆಂದು ಆಡಾಸಿಟಿ ಎಂಬ ತಂತ್ರಾಂಶದಲ್ಲಿ ನಾಯ್ಸ್ ರಿಡಕ್ಷನ್ ಮಾಡಿದೆ. ಹಾಡುಗಾರಿಕೆಯ ಒಳ್ಳೆಯ ಎಲ್‌ಪಿ ಅದು. ಈಗ ಗಾಯಕಿ ನೀರಿನೊಳಗೆ ಕೂತು ಹಾಡಿದಂತಿದೆ, ತಂಬೂರಿ ಮಾಯ. ಕ್ಲಿಕ್ ರಿಮೂವಲ್ ಮಾಡಿದ ಮೇಲೆ ಮೃದಂಗವೂ ಮಂಕಾಯಿತು. ಮೂರು ಸಲ ಮಾಡಿ ನೋಡಿದೆ. ಯಾವ ಸೆಟ್ಟಿಂಗ್ ಸರಿ?

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನ ಹಳೆಯ ಪಾಪಗಳೆಲ್ಲ ನೆನಪಾದವು. ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಆ ತಂತ್ರಾಂಶಕ್ಕೆ ಸಂಗೀತ ಗೊತ್ತಿಲ್ಲ. ಮೊದಲು ಅದಕ್ಕೆ ‘ಇಗೋ, ಇದು ಕಸ’ ಎಂದು ಒಂದು ತುಣುಕು ತೋರಿಸುತ್ತೀರಿ. ಆ ತುಣುಕಿನಲ್ಲಿ ಯಾವ್ಯಾವ ಸ್ಥಾಯಿಯಲ್ಲಿ ಎಷ್ಟೆಷ್ಟು ಸದ್ದಿದೆ ಎಂದು ಅದು ಬರೆದಿಟ್ಟುಕೊಂಡು, ಆಮೇಲೆ ಇಡೀ ಹಾಡಿನಲ್ಲಿ ಆ ಮಟ್ಟಕ್ಕಿಂತ ಕೆಳಗಿರುವುದನ್ನೆಲ್ಲ ತಗ್ಗಿಸುತ್ತದೆ. ಹಾಡು ಶುರುವಾಗುವ ಮುಂಚಿನ ಎರಡು ಸೆಕೆಂಡ್ ತೋರಿಸಿದೆ ಎಂದು ಬರೆದಿದ್ದೀರಿ. ಆ ಎರಡು ಸೆಕೆಂಡನ್ನು ಹೆಡ್‌ಫೋನ್ ಹಾಕಿಕೊಂಡು ಇನ್ನೊಮ್ಮೆ ಕೇಳಿ. ಗಾಯಕಿ ಬಾಯಿ ತೆರೆದಿಲ್ಲ, ಸರಿ. ತಂಬೂರಿ? ಅದು ಆಗಲೇ ಮೀಟುತ್ತಿದೆ. ನೀವೇ ತಂಬೂರಿಯನ್ನು ಕಸವೆಂದು ತೋರಿಸಿದಿರಿ, ಯಂತ್ರ ವಿಧೇಯವಾಗಿ ಗುಡಿಸಿತು. ಜೊತೆಗೆ ಷಡ್ಜ, ಪಂಚಮಗಳ ಮೇಲೆ ನಿಂತ ಕಂಠದ ಸಣ್ಣ ಎಳೆಗಳನ್ನೂ ಗುಡಿಸಿತು. ನೀರಿನೊಳಗಿನ ಸದ್ದು ಅಲ್ಲಿಂದ ಬಂದದ್ದು.

ಮುಳ್ಳು ತಟ್ಟೆಗೆ ಇಳಿದ ಕ್ಷಣಕ್ಕೂ ತಂಬೂರಿಯ ಮೊದಲ ಮೀಟಿಗೂ ನಡುವೆ ಬರಿಯ ತಟ್ಟೆಯ ಸದ್ದು ಇರುತ್ತದಲ್ಲ, ತೋರಿಸಬೇಕಾದದ್ದು ಅದು. ಒಂದು ಸೆಕೆಂಡ್ ಸಿಕ್ಕರೂ ಸಾಕು. ಆದ್ದರಿಂದಲೇ ಮುಳ್ಳು ಇಳಿಸುವ ಮೊದಲೇ ರೆಕಾರ್ಡ್ ಗುಂಡಿ ಒತ್ತಿರಬೇಕು. ತಗ್ಗಿಸುವ ಪ್ರಮಾಣ 6 ಡೆಸಿಬೆಲ್ ಇಡಿ, ಅದಕ್ಕಿಂತ ಮೇಲೆ ಹೋಗಬೇಡಿ. ಆ ಕಿಟಕಿಯಲ್ಲಿ ‘ರೆಸಿಡ್ಯೂ’ ಎಂಬ ಆಯ್ಕೆ ಇದೆ. ತೆಗೆದು ಎಸೆಯುವುದೇನು ಎಂದು ಅದು ಕೇಳಿಸುತ್ತದೆ. ಎಸೆಯುವ ಬುಟ್ಟಿಯಲ್ಲಿ ರಾಗದ ಗುರುತು ಹತ್ತಿತೋ, ಅಲ್ಲಿಗೆ ನಿಲ್ಲಿಸಿ.

ಇನ್ನು ಟಕ್ ಟಕ್. ಕ್ಲಿಕ್ ರಿಮೂವಲ್ ಹುಡುಕುವುದು ಥಟ್ಟನೆ ಎದ್ದು ಥಟ್ಟನೆ ಬೀಳುವ ಅಲೆಯನ್ನು. ಮೃದಂಗದ ಚಾಪು ಎಂಬ ಪೆಟ್ಟು ಹೇಗಿರುತ್ತದೆ? ಥಟ್ಟನೆ ಏಳುತ್ತದೆ. ಘಟವೂ ಅಷ್ಟೆ. ಹಾಡಿನಲ್ಲಿ ಪಕ್ಕವಾದ್ಯ ಜೋರಾಗಿದ್ದಷ್ಟೂ ಆ ತಂತ್ರಾಂಶಕ್ಕೆ ತಲೆ ಕೆಡುತ್ತದೆ. ಅದಕ್ಕೆ ನಾನು ತನಿ ಆವರ್ತನ, ಅಂದರೆ ಲಯವಾದ್ಯಗಳಷ್ಟೇ ನುಡಿಯುವ ಭಾಗ, ಬಂದಲ್ಲಿ ಅದನ್ನು ಹತ್ತಿರ ಸೇರಿಸುವುದಿಲ್ಲ, ಕೈಯಿಂದಲೇ ಆರಿಸುತ್ತೇನೆ. ಅಲೆಯನ್ನು ಹಿಗ್ಗಿಸುತ್ತ ಹೋಗಿ, ಅಳತೆಯ ಒಂದೊಂದು ಚುಕ್ಕಿಯೂ ಬಿಡಿಬಿಡಿಯಾಗಿ ಕಾಣುವವರೆಗೆ. ಚಾಪಿನ ಮುಂಭಾಗ ಕಡಿದಾದ ಬೆಟ್ಟ, ಆದರೆ ಅದರ ಬೆನ್ನಿಗೆ ಅಲೆಗಳ ಸಾಲು ಸಣ್ಣದಾಗುತ್ತ ಸಣ್ಣದಾಗುತ್ತ ಹೋಗುತ್ತದೆ, ಕೆರೆಗೆ ಕಲ್ಲೆಸೆದ ಹಾಗೆ. ಗೀರಿಗೆ ಬೆನ್ನಿಲ್ಲ. ನಯವಾಗಿ ಹರಿಯುವ ಗೆರೆಯ ನಡುವೆ ಒಂದು ಜಾಲಿಮುಳ್ಳು ನೆಟ್ಟಗೆ ನಿಂತಿರುತ್ತದೆ, ಇಪ್ಪತ್ತು ಮೂವತ್ತು ಚುಕ್ಕಿಯಷ್ಟು ಅಗಲ, ಆಚೆಗೆ ಮತ್ತೆ ಅದೇ ನಯವಾದ ಗೆರೆ. ಆ ಮುಳ್ಳನ್ನಷ್ಟೇ ಆಯ್ದು ‘ರಿಪೇರ್’ ಕೊಟ್ಟರೆ ಅಕ್ಕಪಕ್ಕದ ಗೆರೆಯನ್ನು ನೋಡಿಕೊಂಡು ನಡುವಿನದನ್ನು ಹೆಣೆಯುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ 128 ಚುಕ್ಕಿ, ಅಂದರೆ 44.1ರಲ್ಲಿ ಮೂರು ಮಿಲಿಸೆಕೆಂಡಿಗೂ ಕಮ್ಮಿ. ಹರಿದ ರೇಷ್ಮೆಗೆ ಎಳೆ ಸೇರಿಸುವ ಕೆಲಸವಿದು. ಸಂಜೆ ಎರಡು ಗಂಟೆ ಕೂತರೆ ಒಂದು ಮಗ್ಗುಲು ಮುಗಿಯುತ್ತದೆ.

ಟಕ್ ಸದ್ದು ಗಡಿಯಾರದಂತೆ ಬರುತ್ತಿದ್ದರೆ ಅಳೆದು ನೋಡಿ. ಎಲ್‌ಪಿ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಒಂದು ಟಕ್ಕಿಗೂ ಇನ್ನೊಂದಕ್ಕೂ ಸರಿಯಾಗಿ 1.8 ಸೆಕೆಂಡ್ ಇದ್ದರೆ ಅದು ಗ್ರೂವುಗಳನ್ನು ಅಡ್ಡ ಸೀಳಿದ ಗೀರು, ಕೈಯಿಂದಲೇ ತೆಗೆಯಬೇಕು. ಲಂಗುಲಗಾಮಿಲ್ಲದೆ ಅಲ್ಲಲ್ಲಿ ಚಟಪಟ ಎಂದರೆ ಬಹುಪಾಲು ಧೂಳು. ಧೂಳಿಗೆ ತಂತ್ರಾಂಶ ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಸೆಟ್ಟಿಂಗ್ ಬಗ್ಗೆ ಮೂರು ವಾಕ್ಯವಿದೆ, ತಟ್ಟೆ ತೊಳೆದ ಬಗ್ಗೆ ಒಂದು ಪದವೂ ಇಲ್ಲ. ಮೊದಲು ಕಾರ್ಬನ್ ಫೈಬರ್ ಬ್ರಷ್‌ನಿಂದ ಒಣಧೂಳು ತೆಗೆಯಿರಿ. ಆಮೇಲೆ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಒಂದು ತೊಟ್ಟು ಹಾಕಿ, ನುಣುಪು ಬಟ್ಟೆಯಿಂದ ಗ್ರೂವಿನ ಗುಂಟ ಸುತ್ತಲೂ ಒರೆಸಿ, ಅಡ್ಡಡ್ಡ ಅಲ್ಲ. ಮತ್ತೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಒರೆಸಿ. ನಲ್ಲಿ ನೀರು ಬೇಡ, ಅದರ ಲವಣ ಗ್ರೂವಿನಲ್ಲೇ ಒಣಗಿ ಹೊಸ ಕರಕರ ಹುಟ್ಟುತ್ತದೆ. ನಡುವಿನ ಲೇಬಲ್‌ಗೆ ನೀರು ತಾಗದಿರಲಿ. ಒಣಗುವವರೆಗೆ ನಿಲ್ಲಿಸಿಡಿ. ಮುಳ್ಳನ್ನು ಸಣ್ಣ ಬ್ರಷ್‌ನಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಿ. ಅಡ್ಡಕ್ಕೆಳೆದರೆ ಮುಳ್ಳು ಹಿಡಿದ ಕಡ್ಡಿ ಮುರಿದೀತು. ಇಷ್ಟು ಮಾಡಿ ಮತ್ತೆ ರೆಕಾರ್ಡ್ ಮಾಡಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಏಳು ತಟ್ಟೆಗೆ ಆಮೇಲೆ ತಂತ್ರಾಂಶದ ಹಂಗೇ ಬೇಕಾಗಿಲ್ಲ. ಉಳಿಯುವ ತೆಳು ಸುಯ್ ಸದ್ದನ್ನು ಕಿವಿ ಎರಡನೇ ನಿಮಿಷಕ್ಕೆ ಮರೆಯುತ್ತದೆ. ತಂಬೂರಿ ಇಲ್ಲದ್ದನ್ನು ಮಾತ್ರ ಮರೆಯುವುದಿಲ್ಲ.

ಪ್ರಶ್ನೆ: ಪ್ರತಿ ತಟ್ಟೆಯ ಕೊನೆಯ ಹಾಡೇ ಒಡಕು. ‘ಸ’ಕಾರ ಬಂದಲ್ಲೆಲ್ಲ ಸ್ಸ್ ಸ್ಸ್ ಎಂದು ಕೆರೆಯುತ್ತದೆ. ಮೊದಲ ಹಾಡು ಚೊಕ್ಕವಾಗಿದೆ.

ಉತ್ತರ: ತಟ್ಟೆ ಒಂದೇ ವೇಗದಲ್ಲಿ ಸುತ್ತಿದರೂ ಮುಳ್ಳಿನ ಕೆಳಗೆ ಗ್ರೂವ್ ಸರಿಯುವ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್, ಲೇಬಲ್ ಹತ್ತಿರ ಬರುವಾಗ 21. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಬರೆದಿದೆ, ಅಕ್ಷರ ಇಕ್ಕಟ್ಟಾಗಿದೆ. ಸವೆದ ಮುಳ್ಳಿಗೆ ಅದು ಓದಲು ಬರುವುದಿಲ್ಲ. ವಜ್ರದ ಮುಳ್ಳಿಗೂ ಆಯುಸ್ಸು 500ರಿಂದ 1000 ಗಂಟೆ. ಬದಲಿಸಿ. ಮುಳ್ಳು ತಟ್ಟೆಯ ಮೇಲೆ ಊರುವ ಭಾರವನ್ನೂ ನೋಡಿ: ಹೆಚ್ಚಿನ ಕಾರ್ಟ್ರಿಜ್‌ಗಳು ಕೇಳುವುದು ಒಂದೂವರೆಯಿಂದ ಎರಡು ಗ್ರಾಂ, ನಿಮ್ಮದರ ಲೆಕ್ಕ ಅದರ ಜೊತೆ ಬಂದ ಚೀಟಿಯಲ್ಲಿರುತ್ತದೆ. ತಟ್ಟೆ ಸವೆಯದಿರಲೆಂದು ಭಾರ ತೀರಾ ಇಳಿಸಿದರೆ ಮುಳ್ಳು ಎಗರಿ ಎಗರಿ ಗ್ರೂವಿನ ಗೋಡೆಗೆ ಬಡಿದು ಇನ್ನೂ ಹೆಚ್ಚು ಕೆಡಿಸುತ್ತದೆ. ತೋಳಿನ ಮೇಲೆ ನಾಣ್ಯ ಇಡುವವರಿಗೆ ನಮಸ್ಕಾರ, ದಯವಿಟ್ಟು ತೆಗೆಯಿರಿ.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ 78 ವೇಗದ ಹದಿನಾಲ್ಕು ತಟ್ಟೆ ಸಿಕ್ಕಿವೆ. ನನ್ನ ಟರ್ನ್‌ಟೇಬಲ್‌ನಲ್ಲಿ 33 ಮತ್ತು 45 ಮಾತ್ರ. ಹೇಗೆ? ಸ್ಪಿರಿಟ್ ಹಾಕಿ ತೊಳೆಯಬಹುದೇ?

ಉತ್ತರ: ಸ್ಪಿರಿಟ್ ಬಾಟಲಿಯನ್ನು ಮೊದಲು ಕೆಳಗಿಡಿ.

ನನ್ನ ಸೋದರಮಾವನ ತಟ್ಟೆಯೊಂದನ್ನು ನಾನು ಹಾಗೆ ತೊಳೆದಿದ್ದೇನೆ. ಆಗ ನನಗೆ ಇಪ್ಪತ್ತೆರಡು, ಎಲ್ಲ ಗೊತ್ತಿದ್ದ ವಯಸ್ಸು. ಹತ್ತಿ ಅದ್ದಿ ಒರೆಸಿದೆ, ಹತ್ತಿ ಕಪ್ಪಾಯಿತು, ‘ಅಬ್ಬಾ ಎಷ್ಟು ಕೊಳೆ’ ಎಂದು ಇನ್ನಷ್ಟು ಒರೆಸಿದೆ. ಅದು ಕೊಳೆಯಲ್ಲ, ತಟ್ಟೆ. ಆ ಕಾಲದ ತಟ್ಟೆಗಳು ಶೆಲ್ಯಾಕ್, ಅಂದರೆ ಅರಗು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ, ಮರದ ಪಾಲಿಶ್ ಮಾಡುವುದೇ ಹಾಗೆ. ಹೊಳೆಯುತ್ತಿದ್ದ ತಟ್ಟೆಯಲ್ಲಿ ಅಂಗೈಯಗಲದ ಮಂಕು ಪಟ್ಟಿ ಉಳಿಯಿತು. ಮಾವ ಏನೂ ಅನ್ನಲಿಲ್ಲ, ಆ ಪೆಟ್ಟಿಗೆಯನ್ನು ಮತ್ತೆ ನನ್ನ ಕೈಗೆ ಕೊಡಲೂ ಇಲ್ಲ. ಡಿಸ್ಟಿಲ್ಡ್ ನೀರು, ಮೆತ್ತನೆಯ ಬ್ರಷ್, ಬೇಗ ಒರೆಸಿ ಒಣಗಿಸುವುದು, ಇಷ್ಟೇ ಸಾಕು. ಎತ್ತುವಾಗ ಎರಡು ಕೈ. ಕೆಳಗೆ ಬಿದ್ದರೆ ಹೆಂಚಿನಂತೆ ಒಡೆಯುತ್ತದೆ.

ಮುಳ್ಳೂ ಬೇರೆ ಬೇಕು. ಎಲ್‌ಪಿಯ ಮುಳ್ಳಿನ ತುದಿ 18ರಿಂದ 25 ಮೈಕ್ರಾನ್, 78ಕ್ಕೆ ಬೇಕಾದ್ದು ಸುಮಾರು 75. ಎಲ್‌ಪಿ ಮುಳ್ಳನ್ನೇ ಇಟ್ಟರೆ ಅದು ಗೋಡೆ ಮುಟ್ಟದೆ ಅಗಲ ಗ್ರೂವಿನ ತಳದಲ್ಲಿ, ಕಸದ ಮೇಲೆ ಹೊರಳಾಡುತ್ತದೆ. ಅನೇಕ ಕಾರ್ಟ್ರಿಜ್‌ಗಳಿಗೆ 78ರ ಮುಳ್ಳು ಬಿಡಿಯಾಗಿ ಸಿಗುತ್ತದೆ, ಎಳೆದು ಸಿಕ್ಕಿಸುವುದಷ್ಟೇ ಕೆಲಸ.

ವೇಗದ್ದು ದೊಡ್ಡ ತೊಂದರೆಯಲ್ಲ. 45ರಲ್ಲಿ ತಿರುಗಿಸಿ ರೆಕಾರ್ಡ್ ಮಾಡಿ. ಆಡಾಸಿಟಿಯ ‘ಚೇಂಜ್ ಸ್ಪೀಡ್’ನಲ್ಲಿ 45ರಿಂದ 78 ಎಂದು ಆರಿಸಿದರೆ ಗೊಗ್ಗರು ದನಿಯ ರಾಕ್ಷಸ ಮತ್ತೆ ಮನುಷ್ಯನಾಗುತ್ತಾನೆ. ಹೀಗೆ ಮಾಡುವಾಗ ಪ್ರೀಆಂಪ್‌ನ ಆರ್‌ಐಎಎ ಲೆಕ್ಕ ಜಾಗ ತಪ್ಪುತ್ತದೆ ಎಂದು ಶಾಸ್ತ್ರ ಬಲ್ಲವರು ಆಕ್ಷೇಪಿಸುತ್ತಾರೆ. ನಿಜವೇ. ಆದರೆ ಆ ಲೆಕ್ಕ ಬರುವ ಮುಂಚಿನ ತಟ್ಟೆಗಳಲ್ಲಿ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ, ಹೇಗೂ ಕೊನೆಗೆ ಬಾಸ್–ಟ್ರೆಬಲ್ ಕಿವಿಗೆ ಹೊಂದಿಸಿಕೊಳ್ಳಲೇಬೇಕು.

ಇನ್ನೊಂದು ಲಾಭ ಇದೆ, ಬಿಟ್ಟಿ ಬಂದದ್ದು. ಈ ತಟ್ಟೆಗಳು ಮಾನೋ, ಹಾಡು ಇರುವುದು ಗ್ರೂವಿನ ಅಡ್ಡ ಓಲಾಟದಲ್ಲಿ ಮಾತ್ರ. ಸ್ಟೀರಿಯೊ ಕಾರ್ಟ್ರಿಜ್ ಮೇಲೆ-ಕೆಳಗಿನ ಕುಲುಕಾಟವನ್ನೂ ಹಿಡಿಯುತ್ತದೆ, ಅದೆಲ್ಲ ಬರಿಯ ಗದ್ದಲ. ಎಡ-ಬಲ ಎರಡನ್ನೂ ಬೆರೆಸಿ ಮಾನೋ ಮಾಡಿದರೆ ಆ ಗದ್ದಲ ಒಂದಕ್ಕೊಂದು ಹೊಡೆದುಹೋಗುತ್ತದೆ. ಬೇರೇನೂ ಮಾಡುವ ಮೊದಲು ಇದನ್ನು ಮಾಡಿ, ಆಮೇಲೆ ಉಳಿದ ಗದ್ದಲದ ಯೋಚನೆ.

ಪ್ರಶ್ನೆ: ನಿವೃತ್ತ ಗಣಿತ ಅಧ್ಯಾಪಕ ನಾನು, ಕೊಳಲು ನುಡಿಸುತ್ತೇನೆ. ಇಳಿಸಿಕೊಂಡ ಎಲ್‌ಪಿ ಜೊತೆ ನುಡಿಸಲು ಹೋದರೆ ಶ್ರುತಿ ಕೂಡುತ್ತಿಲ್ಲ. ಕಂಪ್ಯೂಟರ್ ತಪ್ಪೇ?

ಉತ್ತರ: ಕಂಪ್ಯೂಟರ್ ನಿರಪರಾಧಿ, ಮೋಟಾರನ್ನು ವಿಚಾರಿಸಿ. ತಟ್ಟೆಯ ಲೇಬಲ್ ಮೇಲೆ ಒಂದು ಕಾಗದದ ಚೂರು ಅಂಟಿಸಿ, ಮುಳ್ಳು ಇಳಿಸಿ, ಹಾಡು ನಡೆಯುತ್ತಿರುವಾಗಲೇ ನೂರು ಸುತ್ತು ಎಣಿಸಿ. ಸರಿಯಾಗಿ 180 ಸೆಕೆಂಡ್ ಆಗಬೇಕು. ಎಣಿಸುವಾಗ ಯಾರೂ ಮಾತಾಡಿಸದಂತೆ ನೋಡಿಕೊಳ್ಳಿ, ನನಗೆ 63ರಲ್ಲಿ ಎರಡು ಸಲ ತಪ್ಪಿದೆ. ನಿಮಗೆ 176 ಸೆಕೆಂಡ್ ಬಂತೆನ್ನಿ, ಶೇಕಡ 2.3ರಷ್ಟು ವೇಗ ಜಾಸ್ತಿ. ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಅಂತರ ಸುಮಾರು ಶೇಕಡ 6, ಅಂದರೆ ಹಾಡು ಮೂರನೇ ಒಂದು ಸ್ಥಾನಕ್ಕಿಂತ ಸ್ವಲ್ಪ ಹೆಚ್ಚೇ ಮೇಲೆ ಕೂತಿದೆ. ಕೊಳಲಿಗೆ ಸಹಿಸಲಾಗದು. ಟರ್ನ್‌ಟೇಬಲ್‌ನಲ್ಲಿ ವೇಗ ತಿರುಪು ಇದ್ದರೆ ಹೊಂದಿಸಿ, ಬೆಲ್ಟ್ ಸಡಿಲವಿದ್ದರೆ ಬದಲಿಸಿ. ಆಗಲೇ ಇಳಿಸಿಕೊಂಡದ್ದನ್ನು ‘ಚೇಂಜ್ ಸ್ಪೀಡ್’ನಲ್ಲಿ ಮೈನಸ್ 2.22 ಕೊಟ್ಟು ಸರಿಮಾಡಬಹುದು. ಪಕ್ಕದಲ್ಲೇ ಇರುವ ‘ಚೇಂಜ್ ಪಿಚ್’ ಬೇಡ, ಅದು ಶ್ರುತಿ ಸರಿಪಡಿಸಿ ಕಾಲ ಪ್ರಮಾಣವನ್ನು ತಪ್ಪಾಗಿಯೇ ಬಿಡುತ್ತದೆ.

ಪ್ರಶ್ನೆ: ಸದಾ ಒಂದು ‘ಗುಂಯ್’ ಸದ್ದು.

ಉತ್ತರ: ಟರ್ನ್‌ಟೇಬಲ್‌ನಿಂದ ಕೆಂಪು-ಬಿಳಿ ವೈರಿನ ಜೊತೆ ಮೂರನೆಯ ಬಡಕಲು ವೈರೊಂದು ಹೊರಟು ನೇತಾಡುತ್ತಿದೆ ನೋಡಿ. ಅದು ಅರ್ಥಿಂಗ್, ಪ್ರೀಆಂಪ್‌ನ ತಿರುಪಿಗೆ ಕಟ್ಟಿ. ಅದಕ್ಕೂ ಹೋಗದಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಮೊಬೈಲನ್ನು ಪಕ್ಕದ ಕೋಣೆಗೆ ಕಳಿಸಿ. ನನ್ನ ಸಂಗ್ರಹದ ಒಂದು ಆಲಾಪನೆಯಲ್ಲಿ, ತಾರಷಡ್ಜ ಮುಟ್ಟುವ ಕ್ಷಣಕ್ಕೇ ‘ಟಿರ್ ಟಿಟಿರ್ ಟಿರ್’ ಎಂದು ಯಾರದೋ ಕರೆ ಬರುವ ಮುನ್ಸೂಚನೆ ದಾಖಲಾಗಿದೆ. ಕರೆ ಯಾರದೆಂದು ನೆನಪಿಲ್ಲ, ಟಿಟಿರ್ ಶಾಶ್ವತ.

ಪ್ರಶ್ನೆ: ಹಾಡುಗಳನ್ನು ತಂತ್ರಾಂಶ ತಾನೇ ಬೇರೆ ಮಾಡುತ್ತದೆಂದು ನಂಬಿ ಬಿಟ್ಟೆ. ಒಂದು ರಾಗವನ್ನು ಏಳು ತುಂಡು ಮಾಡಿದೆ!

ಉತ್ತರ: ಅದು ಹುಡುಕುವುದು ಮೌನವನ್ನು. ಆಲಾಪನೆಯಲ್ಲಿ ಉಸಿರಿಗೆ ನಿಂತದ್ದನ್ನೆಲ್ಲ ಹಾಡು ಮುಗಿಯಿತೆಂದು ತಿಳಿದಿದೆ. ಮೂರು ನಿಮಿಷದ ಹಾಡುಗಳಿರುವ ತಟ್ಟೆಗೆ ಆ ಸೌಲಭ್ಯ ಸರಿ, ಕಛೇರಿಗಲ್ಲ. ಕೇಳುತ್ತ ಕೂತು, ಹಾಡು ಬದಲಾಗುವಲ್ಲಿ ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಅಲ್ಲೊಂದು ಲೇಬಲ್ ಬೀಳುತ್ತದೆ. ಹೆಸರು ಬರೆದು, ಕೊನೆಗೆ ಲೇಬಲ್ ಪ್ರಕಾರ ಬೇರೆ ಬೇರೆ ಕಡತವಾಗಿ ಎಕ್ಸ್‌ಪೋರ್ಟ್ ಮಾಡಿ. ರಾಗವೊಂದು ಮೊದಲ ಮಗ್ಗುಲಲ್ಲಿ ಸಣ್ಣಗಾಗಿ ಎರಡನೆಯದರಲ್ಲಿ ಮುಂದುವರಿದಿದ್ದರೆ ಹೊಲಿಗೆ ಹಾಕಲು ಹೋಗಬೇಡಿ. ತಟ್ಟೆ ಮಗುಚಿದ್ದು ಕೇಳಿಸಲಿ ಬಿಡಿ.

ಪ್ರಶ್ನೆ: ಇನ್ನೂರು ತಟ್ಟೆಗಳಿವೆ. ರಜೆಯ ಎರಡು ವಾರದಲ್ಲಿ ಮುಗಿಸುವ ಯೋಜನೆ.

ಉತ್ತರ: ಇನ್ನೂರನ್ನು ನಲವತ್ತು ನಿಮಿಷದಿಂದ ಗುಣಿಸಿ. 133 ಗಂಟೆ ಚಿಲ್ಲರೆ, ಬರಿಯ ನುಡಿಸುವುದಕ್ಕೆ. ಇಲ್ಲಿ ಹಾಡನ್ನು ಬೇಗ ಬೇಗ ಓಡಿಸಿ ಮುಗಿಸುವ ಅವಕಾಶವಿಲ್ಲ. ಯಾವುದು ಸಿಡಿಯಾಗಿಯೋ ಇಂಟರ್ನೆಟ್‌ನಲ್ಲೋ ಮೂಲ ಟೇಪಿನಿಂದ ಬಂದು ಚೆನ್ನಾಗಿ ಸಿಗುತ್ತದೋ ಅದನ್ನು ಬದಿಗಿಡಿ. ಎಲ್ಲೂ ಸಿಗದ್ದು, ಮನೆಯವರದೇ ದನಿ ಇರುವಂಥದ್ದು, ಅಂಚು ಬಿರುಕು ಬಿಡುತ್ತಿರುವುದು ಮೊದಲು. ಇನ್ನೂರು ಇಪ್ಪತ್ತೈದಕ್ಕೆ ಇಳಿಯುತ್ತದೆ, ರಜೆಯಲ್ಲಿ ನಿದ್ದೆಗೂ ಸಮಯ ಸಿಗುತ್ತದೆ.

ಪ್ರಶ್ನೆ: ಎಲ್ಲ ಇಳಿಸಿ ಮುಗಿಯಿತು. ಇನ್ನು ತಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಲೇ? ನಮ್ಮ ಕಪಾಟಿನ ಫೋಟೋ ಕಳಿಸಿದ್ದೇನೆ.

ಉತ್ತರ: ಈಗಲೇ ಬೇಡ. ಮೊದಮೊದಲು ನಾನು ಇಳಿಸಿದ 34 ಎಲ್‌ಪಿಗಳನ್ನು ಉತ್ಸಾಹದಲ್ಲಿ ತಂತ್ರಾಂಶದಿಂದ ಉಜ್ಜಿ ಉಜ್ಜಿ ಬಿಳಿಚಿಸಿ, ಮೂಲ ರೆಕಾರ್ಡಿಂಗ್ ಅಳಿಸಿ, ಎಂಪಿ3 ಮಾತ್ರ ಉಳಿಸಿಕೊಂಡಿದ್ದೆ. ಹತ್ತು ವರ್ಷದ ಮೇಲೆ ಕೇಳಿ ನಾಚಿಕೆಯಾಗಿ ಎಲ್ಲವನ್ನೂ ಮತ್ತೆ ಮಾಡಿದೆ. ತಟ್ಟೆ ಇದ್ದದ್ದರಿಂದ ಮಾಡಲಾಯಿತು. ಎರಡನೆಯ ಸಲದ ಮುಳ್ಳು ಬೇರೆ ಆಕಾರದ್ದು, ಅದು ಗ್ರೂವಿನ ಗೋಡೆಯಲ್ಲಿ ಹಳೆಯ ಮುಳ್ಳು ಸವೆಸದ ಜಾಗವನ್ನು ಮುಟ್ಟಿತು. ಕೆಲವು ತಟ್ಟೆಗಳು ಮೊದಲಿಗಿಂತ ಹೊಸದಾಗಿ ಕೇಳಿಸಿದವು. ಹಾಗಾಗಿ ಏನೂ ತಿದ್ದದ ಮೂಲ ಕಡತವನ್ನು ಎರಡು ಬೇರೆ ಬೇರೆ ಡಿಸ್ಕ್‌ನಲ್ಲಿಡಿ, ಒಂದು ಮನೆಯ ಹೊರಗಿರಲಿ. ಹೊದಿಕೆಯ ಎರಡೂ ಬದಿಯ ಚಿತ್ರ ತೆಗೆಯಿರಿ. ಹಾಡು ಮುಗಿದ ಮೇಲೆ ಲೇಬಲ್ ಸುತ್ತಲಿನ ನುಣುಪು ಜಾಗದಲ್ಲಿ ಕೊರೆದಿರುವ ಸಂಖ್ಯೆಯನ್ನು ಕಡತದ ಜೊತೆ ಬರೆದಿಡಿ, ಯಾವ ಅಚ್ಚಿನಿಂದ ಬಂದ ತಟ್ಟೆ ಎಂಬುದಕ್ಕೆ ಅದೇ ಗುರುತು.

ಫೋಟೋ ನೋಡಿದೆ. ತಟ್ಟೆಗಳನ್ನು ಮಲಗಿಸಿ ಒಂದರ ಮೇಲೊಂದು ಪೇರಿಸಿದ್ದೀರಿ, ಮೇಲೆ ಹೂದಾನಿ ಬೇರೆ. ಇವತ್ತೇ ಎತ್ತಿ ನಿಲ್ಲಿಸಿಡಿ. ಎಡಗಡೆಯ ಕಿಟಕಿಯಿಂದ ಬಿಸಿಲು ನೇರ ಬೀಳುತ್ತಿದೆ, ಕಪಾಟನ್ನೇ ಆಚೆ ಗೋಡೆಗೆ ಸರಿಸಿ.